ಚೆಕ್-ಇನ್ ಬ್ಯಾಗಿಗೆ ಬೀಗವೋ, ಪ್ಲಾಸ್ಟಿಕ್ ಸುತ್ತೋ, ಕೇಬಲ್ ಟೈಯೋ?

ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗಿ ಗಲ್ಫ್ ವಿಮಾನ ಹತ್ತುವವರು ಕೇಳುತ್ತಲೇ ಇರುತ್ತಾರೆ, ಯಾವುದು ವಾಸಿ ಅಂತ.

ಖರ್ಚಿನಲ್ಲಿ ಕೇಬಲ್ ಟೈಗೆ ಎದುರಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಪುಡಿಗಾಸಿಗೆ ಒಂದು ಕಟ್ಟು ಸಿಗುತ್ತದೆ. ಬೀಗಕ್ಕೆ ಒಂದು ಸಲ ದುಡ್ಡು ಹಾಕಿದರೆ ವರ್ಷಗಟ್ಟಲೆ ಬರುತ್ತದೆ. ಪ್ಲಾಸ್ಟಿಕ್ ಸುತ್ತಿಸಲು ಪ್ರತಿ ಸಲವೂ ಕೊಡಬೇಕು.

ಭದ್ರತೆಯದೇ ದೊಡ್ಡ ಕಥೆ. ಜಿಪ್ ಬ್ಯಾಗಿನ ಹಲ್ಲುಗಳ ನಡುವೆ ಬಾಲ್‌ಪೆನ್ ತುದಿ ಒತ್ತಿದರೆ ಸಾಕು, ಬಾಯಿ ಬಿಡುತ್ತದೆ. ಆಮೇಲೆ ಬೀಗದ ಸಮೇತ ಜಿಪ್ಪನ್ನು ಅತ್ತಿತ್ತ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಗೊತ್ತೇ ಆಗುವುದಿಲ್ಲ! ಇದರ ಮುಂದೆ ಬೀಗ, ಟೈ ಎರಡೂ ಸುಮ್ನೆ. ಸುತ್ತಿದ ಪ್ಲಾಸ್ಟಿಕ್ ಹಾಗಲ್ಲ, ಹರಿದರೆ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಬಟ್ಟೆಯ ಬ್ಯಾಗಿಗೆ ಸುತ್ತಿಸುವುದೇ ಮೇಲು.

ಅಮೆರಿಕಕ್ಕಾದರೆ ಟಿಎಸ್‌ಎ (ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ) ಒಪ್ಪಿದ ಬೀಗ. ಅಲ್ಲಿ ತಪಾಸಣೆಯವರು ಮಾಸ್ಟರ್ ಕೀ ಹಾಕಿ ತೆಗೆಯುತ್ತಾರೆ, ಬೇರೆ ಬೀಗವಾದರೆ ಕತ್ತರಿಸಬಹುದು. ಆ ಕೀಗಳ ಚಿತ್ರ 2015ರಲ್ಲೇ ಇಂಟರ್‌ನೆಟ್‌ನಲ್ಲಿ ಹರಿದಾಡಿದೆ ಅನ್ನುವುದೂ ನೆನಪಿರಲಿ. ಜಿಪ್ ಇಲ್ಲದ, ಕ್ಲಿಪ್ಪಿನ ಗಟ್ಟಿ ಸೂಟ್‌ಕೇಸ್‌ಗೆ ಅದರದೇ ಬೀಗ ಸಾಕು.

ದೇಶದೊಳಗಿನ ಸಣ್ಣ ಪ್ರಯಾಣಕ್ಕೆ ನನ್ನ ಓಟು ಬಣ್ಣದ ಕೇಬಲ್ ಟೈಗೆ. ಕತ್ತರಿಸಲು ನೇಲ್ ಕಟರ್ ಹೊರಗಿನ ಜೇಬಿನಲ್ಲಿರಲಿ.

ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿರಸ) ಬಾಟಲಿ ಚೆಕ್-ಇನ್‌ಗೇ ಹೋಗಬೇಕು, ವಿದೇಶ ವಿಮಾನದ ಕ್ಯಾಬಿನ್‌ನಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಜೋಮಾಲೆ, ಪತ್ತಾಕ್‌ನಂಥ ಕೊಡಗಿನ ಒಡವೆ ಮಾತ್ರ ಕೈಚೀಲದಲ್ಲೇ.