ಒಂದೇ ಕಾರು, ಒಂದೇ ಘಾಟಿ, ಮೂರು ಬಗೆಯ ಬ್ರೇಕ್ ಹೋಸ್

ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟರೆ ನಮಗೆ ಆಗುಂಬೆ ಘಾಟಿಯೇ ದಾರಿ. 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಬ್ರೇಕಿನ ಮೇಲೆ ಕಾಲು ಎಷ್ಟು ಸಲ ಹೋಗುತ್ತದೋ ಲೆಕ್ಕವಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. ಚಕ್ರದ ಹಿಂದೆ ನೇತಾಡುವ, ಬ್ರೇಕ್ ಆಯಿಲನ್ನು ಚಕ್ರಕ್ಕೆ ಮುಟ್ಟಿಸುವ ಮೊಳದುದ್ದದ ರಬ್ಬರ್ ಹೋಸಿನ ಬಗ್ಗೆ ನಾನು ಇಷ್ಟು ತಲೆಕೆಡಿಸಿಕೊಂಡಿದ್ದು ಅದಕ್ಕೇ. ಆರೇಳು ವರ್ಷದಲ್ಲಿ ಮನೆಯ ಹಳೆಯ ಹ್ಯಾಚ್‌ಬ್ಯಾಕಿನ ಮುಂದಿನ ಚಕ್ರಗಳಿಗೆ ಮೂರು ಬಗೆಯ ಹೋಸ್ ಹಾಕಿ ನೋಡಿದ್ದೇನೆ: ಅಂಗಡಿಯಲ್ಲಿ ಸಿಕ್ಕ ಲೋಕಲ್, ಸ್ಟೀಲ್ ಜಾಲರಿಯದ್ದು, ಕೊನೆಗೆ ಕಾರ್ ಕಂಪನಿಯ ಒರಿಜಿನಲ್.

ಶುರುವಾದದ್ದು ಹೆಬ್ರಿಯಲ್ಲಿ. ಕಾರು ಎಡಕ್ಕೆ ಎಳೆಯುತ್ತಿತ್ತು. ಇಳಿದು ನೋಡಿದರೆ ಎಡ ಮುಂಚಕ್ರದ ಹತ್ತಿರ ಅಂಗೈ ಹಿಡಿಯಲಾಗದಷ್ಟು ಕಾವು, ಸುಟ್ಟ ವಾಸನೆ. ಒಂದು ಗ್ಯಾರೇಜಿನಲ್ಲಿ ಕ್ಯಾಲಿಪರ್ (ಆಯಿಲಿನ ಒತ್ತಡಕ್ಕೆ ಪಿಸ್ಟನ್ ತಳ್ಳಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾಮ್ ಅಂತ ಹೇಳಿ ಪ್ಯಾಡ್ ಬದಲಿಸಿದರು. ವಾರದಲ್ಲಿ ಮತ್ತೆ ಅದೇ ಕತೆ. ನಮ್ಮೂರಿನ ಮೆಕ್ಯಾನಿಕ್ ಅಣ್ಣ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಇಟ್ಟು, ನನ್ನಿಂದ ಪೆಡಲ್ ಒತ್ತಿಸಿ ಬಿಡಿಸಿದರು. ಚಕ್ರ ತಿರುಗಲಿಲ್ಲ. ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡುವ ಬ್ಲೀಡಿಂಗ್ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದರು; ಆಯಿಲ್ ಚಿಮ್ಮಿತು, ಚಕ್ರ ಹಗುರಾಯಿತು. ಕ್ಯಾಲಿಪರಿನ ಪಿಸ್ಟನ್ನೇ ಅಂಟಿಕೊಂಡಿದ್ದರೆ ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡುವುದಿಲ್ಲ. ಮತ್ತೆ ಪೆಡಲ್ ಒತ್ತಿಸಿ, ಈ ಸಲ ಹೋಸಿನ ಮೇಲ್ತುದಿಯ ಜಾಯಿಂಟ್ ಸಡಿಲಿಸಿದರು. ಚಕ್ರ ಬಿಗಿಯಾಗಿಯೇ ಇತ್ತು. ಒತ್ತಡ ಹೋಸಿನೊಳಗೇ ಸಿಕ್ಕಿಕೊಂಡಿತ್ತು. ಒಳಪದರ ಉಬ್ಬಿ ದಾರಿ ಕಿರಿದಾದರೆ, ಕಾಲಿನ ಬಲಕ್ಕೆ ಆಯಿಲ್ ಆಚೆ ಹೋಗುತ್ತದೆ, ವಾಪಸ್ ಬರಲು ಅಷ್ಟು ಬಲ ಇರುವುದಿಲ್ಲ. ಹೊರಗಿನಿಂದ ಆ ಹೋಸ್ ನೋಡಲು ಚೆನ್ನಾಗಿಯೇ ಇತ್ತು.

ಮೊದಲು ಹಾಕಿದ್ದು ಲೋಕಲ್. ಒರಿಜಿನಲ್ಲಿಗೆ ಕೊಡುವ ದುಡ್ಡಿನ ಅರ್ಧವೂ ಆಗಲಿಲ್ಲ, ಕಾರು ನಿಂತಿತ್ತು, ಕೈಗೆ ಸಿಕ್ಕಿದ್ದನ್ನು ತಂದೆ. ಎರಡು ಬೆರಳಿನಷ್ಟು ಉದ್ದ ಜಾಸ್ತಿ ಇತ್ತು. ಸ್ಟೇರಿಂಗ್ ಪೂರ್ತಿ ಬಲಕ್ಕೆ ಕಟ್ ಮಾಡಿದರೆ ಟೈರಿಗೆ ತಾಗುತ್ತಿತ್ತು, ಬ್ರಾಕೆಟ್ಟಿನ ಕ್ಲಿಪ್ ಕೂರುತ್ತಿರಲಿಲ್ಲ. ಪ್ಲಾಸ್ಟಿಕ್ ಟೈ ಹಾಕಿ ಎಳೆದು ಕಟ್ಟಿದೆವು. ಅವತ್ತೇ ವಾಪಸ್ ಕೊಡಬೇಕಿತ್ತು. ಒಂದೂವರೆ ವರ್ಷಕ್ಕೆ ಲೋಹದ ತುದಿಯ ಪಕ್ಕದಲ್ಲೇ, ಬಗ್ಗಿಸಿ ಟಾರ್ಚ್ ಬಿಟ್ಟರೆ ಕಾಣುವಂಥ ಸಣ್ಣ ಬಿರುಕು. ಬೇರೆ ಕಂಪನಿಗಳ ಹೋಸ್ ಎಲ್ಲವೂ ಕೆಟ್ಟದ್ದು ಅಂತಲ್ಲ. ಎಸ್‌ಎಇ ಜೆ1401 ಅಂತ ಬ್ರೇಕ್ ಹೋಸಿನ ಮಾನದಂಡದ ಗುರುತು, ತಯಾರಾದ ತಾರೀಕು ಅಚ್ಚಾಗಿರುವುದು ಸಿಗುತ್ತದೆ. ನಾನು ತಂದದ್ದರ ಮೇಲೆ ಒಂದಕ್ಷರವೂ ಇರಲಿಲ್ಲ.

ಸ್ಟೀಲ್ ಜಾಲರಿಯ ಹೋಸಿನ ಮೇಲೆ ನನಗೆ ತುಂಬಾ ಆಸೆ ಇತ್ತು. ಒಳಗೆ ಟೆಫ್ಲಾನ್ ಕೊಳವೆ, ಮೇಲೆ ಸ್ಟೇನ್‌ಲೆಸ್ ತಂತಿಯ ಹೆಣಿಗೆ. ಒತ್ತಡಕ್ಕೆ ರಬ್ಬರಿನಷ್ಟು ಹಿಗ್ಗುವುದಿಲ್ಲ, ಪೆಡಲ್ ಗಟ್ಟಿ ಸಿಗುತ್ತದೆ ಎನ್ನುವುದು ನಿಜ. ಆದರೆ ಹೋಸ್ ಬದಲಿಸಿದಾಗ ಆಯಿಲೂ ಹೊಸದು, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿಯೂ ತೆಗೆದಿರುತ್ತೇವೆ. ಹಾಗಾದರೆ ಪೆಡಲ್ ಗಟ್ಟಿಯಾದದ್ದು ಯಾವುದರಿಂದ? ಇದನ್ನು ಬೇರೆ ಮಾಡಿ ನೋಡಲೇಬೇಕು ಅನ್ನಿಸಿತು. ಲೋಕಲ್ ಹೋಸ್ ಇದ್ದಾಗಲೇ ಮೊದಲು ಹಿಂದಿನ ಡ್ರಮ್ ಬ್ರೇಕಿನ ಶೂ ಅಡ್ಜಸ್ಟ್ ಮಾಡಿ, ಹೊಸ ಆಯಿಲ್ ತುಂಬಿ, ನಾಲ್ಕೂ ಚಕ್ರದ ಬ್ರೇಕಿನ ಏರ್ ತೆಗೆದೆವು. ಮಗ ಒಳಗೆ ಕೂತಿದ್ದ. “ಮೂರು ಸಲ ಒತ್ತು ಮಗಾ, ಹಿಡ್ಕೋ, ನಾನು ಹೇಳೋ ತನಕ ಬಿಡಬೇಡ.” ನಿಪ್ಪಲಿನ ಆಯಿಲ್ ಹಿಡಿಯುವ ಬಾಟಲಿಯಲ್ಲಿ ಗುಳ್ಳೆ ನಿಂತ ಮೇಲೆ ಪೆಡಲ್ ಒತ್ತಿದರೆ ಆಗಲೇ ಬೇರೆ ಕಾರಿನ ಹಾಗಿತ್ತು. ವಾರ ಬಿಟ್ಟು ಜಾಲರಿ ಹೋಸ್ ಹಾಕಿದಾಗ ಸಿಕ್ಕ ವ್ಯತ್ಯಾಸ ಅದರ ಕಾಲು ಭಾಗವೂ ಇರಲಿಲ್ಲ. ಊರೊಳಗೆ ಗೊತ್ತಾಗುತ್ತಿತ್ತು, ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಯುವಾಗ ಗೊತ್ತಾಗಲಿಲ್ಲ.

ಅದನ್ನು ತೆಗೆಸಿದ್ದು ಬೇರೆ ಕಾರಣಕ್ಕೆ. ನನ್ನದರ ಮೇಲೆ ಪ್ಲಾಸ್ಟಿಕ್ ಕವಚ ಇರಲಿಲ್ಲ. ಎರಡು ಮಳೆಗಾಲದ ಕೆಸರು ಹೆಣಿಗೆಯೊಳಗೆ ಸೇರಿ ಒಣಗಿತ್ತು. ಬ್ರಾಕೆಟ್ಟಿನ ಹತ್ತಿರ ಬಟ್ಟೆಯಿಂದ ಒರೆಸುವಾಗ ಬೆರಳಿಗೆ ಚುಚ್ಚಿತು: ಮೂರು ತಂತಿ ತುಂಡಾಗಿ ಎದ್ದು ನಿಂತಿದ್ದವು. ಒಳಗಿನ ಕೊಳವೆ ಸವೆದಿದೆಯೋ ಇಲ್ಲವೋ ನೋಡಲು ದಾರಿಯೇ ಇಲ್ಲ. ರಬ್ಬರಿನ ಹೋಸ್ ಒಳಗಿನ ಊತ ಮುಚ್ಚಿಟ್ಟರೂ ಬಿರುಕು, ಉಬ್ಬು, ಒದ್ದೆಯನ್ನು ತೋರಿಸುತ್ತದೆ. ಮನೆಮಂದಿಯ ಕಾರಿಗೆ ನನಗೆ ಆ ಗುಣವೇ ಮುಖ್ಯ.

ಒರಿಜಿನಲ್ ಹಾಕಿ ಮೂರು ವರ್ಷವಾಗುತ್ತ ಬಂತು. ಕ್ಲಿಪ್ ಟಕ್ಕೆಂದು ಕೂತಿತು, ಉದ್ದ ಸರಿಯಾಗಿತ್ತು. ಹೋಸಿನ ಮೇಲಿನ ಗೆರೆ ನೇರವಾಗಿದ್ದರೆ ತಿರುಚಿಲ್ಲ ಎಂದರ್ಥ. ಎರಡೂ ಕಡೆ ಕಟ್ ಹೊಡೆದು, ಚಕ್ರ ನೇತಾಡುವಾಗಲೂ ನೆಲದ ಮೇಲಿರುವಾಗಲೂ ನೋಡಿದೆ, ಎಲ್ಲೂ ತಾಗಲಿಲ್ಲ. ಬೆಲೆ ಜಾಸ್ತಿ, ಆರ್ಡರ್ ಕೊಟ್ಟು ನಾಲ್ಕು ದಿನ ಕಾಯಬೇಕಾಯಿತು. ನನ್ನ ಆಯ್ಕೆ ಇದೇ.

ಯಾವುದೇ ಹೋಸ್ ಹಾಕಿದರೂ ಅದನ್ನು ಕ್ಯಾಲಿಪರಿಗೆ ಬಿಗಿಯುವ ಬೋಲ್ಟಿನ ಎರಡೂ ಕಡೆಯ ತಾಮ್ರದ ವಾಷರ್ ಹೊಸದೇ ಇರಲಿ. ಹಳೆಯದು ಹಾಕಿ ಒಮ್ಮೆ ಜಿನುಗಿದ್ದನ್ನು ನೋಡಿದ್ದೇನೆ. ಪೈಪಿನ ನಟ್ಟಿಗೆ ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಉರುಟಾಗುತ್ತದೆ, ನಟ್ಟನ್ನು ಹೆಚ್ಚು ಸುತ್ತಿ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಬಿಚ್ಚಿದ ಕ್ಯಾಲಿಪರ್ ಹೋಸಿನಲ್ಲಿ ನೇತಾಡದಂತೆ ತಂತಿಯಲ್ಲಿ ಕಟ್ಟಿ. ಕಾರಿನ ಪೇಂಟಿನ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಕೂಡಲೇ ನೀರು ಹೊಯ್ಯಿರಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಯೂನಿಟ್ಟಿನೊಳಗೆ ಗಾಳಿ ಸೇರಿದರೆ ತೆಗೆಯಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗಬಹುದು, ಅದನ್ನು ತಿಳಿದವರಿಗೇ ಬಿಡಿ. ಇನ್ನು, ಘಾಟಿಯ ಕಾವಿಗೆ ಹೋಸಿಗಿಂತ ಮೊದಲು ಸೋಲುವುದು ಹಳೆಯ ಆಯಿಲ್. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ನೀರಿನಂಶ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ನಾನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಇಷ್ಟೆಲ್ಲ ಮಾಡುವಾಗ ಹಿಂದಿನ ಆಕ್ಸಲ್ ಹತ್ತಿರದ ಎರಡು ಗಿಡ್ಡ ಹೋಸುಗಳನ್ನು ಮರೆತೇ ಬಿಟ್ಟಿದ್ದೆ. ಹೋದ ತಿಂಗಳು ಕೆಳಗೆ ನುಸುಳಿ ಮಣ್ಣು ಕೆರೆದು ನೋಡಿದಾಗ, ಕಾರು ಕೊಂಡಾಗಿನವೇ ಇದ್ದವು, ಬಗ್ಗಿಸಿದರೆ ಉದ್ದಕ್ಕೂ ಬಿರುಕು. ಅವೂ ಒರಿಜಿನಲ್ಲೇ ಬಂದಿವೆ; ಈ ಭಾನುವಾರ ಹಾಕುತ್ತೇವೆ, ಅಲ್ಲಿಯ ತನಕ ಘಾಟಿ ಇಳಿಯುವುದಿಲ್ಲ.