ಎಸ್ಸಿಟಾಲೋಪ್ರಾಮ್ ನಾಲ್ಕು ವರ್ಷ, ನಾರ್ಟ್ರಿಪ್ಟಿಲಿನ್ ಆರು ವರ್ಷ: ನುಂಗಿದವನ ಅನುಭವ

ಕರಡು ತಿದ್ದುವುದು ನನ್ನ ಕೆಲಸ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ 26 ವರ್ಷದಿಂದ ಒತ್ತು, ದೀರ್ಘ, ಅರ್ಕಾವೊತ್ತು ನೋಡಿಕೊಂಡು ಕೂತಿದ್ದೇನೆ. ಜನ ಮೊಬೈಲು, ಮಿಕ್ಸಿ ಬಗ್ಗೆ ವಿಮರ್ಶೆ ಬರೆಯುತ್ತಾರೆ. ನಾನು ಹತ್ತು ವರ್ಷದಿಂದ ಒಂದು ದಿನವೂ ಬಿಡದೆ ಬಳಸಿದ್ದು ಖಿನ್ನತೆಯ ಮಾತ್ರೆಯನ್ನು ಮಾತ್ರ. ಅದರ ಬಗ್ಗೆಯೇ ಬರೆಯೋಣ ಅನ್ನಿಸಿತು. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಯಾರೂ ತಮ್ಮ ಮಾತ್ರೆ ತಾವೇ ಬದಲಿಸಬೇಡಿ.

2014ರಲ್ಲಿ ಶುರುವಾಯಿತು. ಬೆಳಗಿನ ಜಾವ ಮೂರೂವರೆಗೆ ಎಚ್ಚರ, ಎದೆಯ ಮೇಲೆ ಕಲ್ಲು ಇಟ್ಟ ಹಾಗೆ. ಒಂದೇ ಸಾಲನ್ನು ಐದು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ ಬರೆದುಕೊಟ್ಟರು, ಆಮೇಲೆ 20 ಮಾಡಿದರು. ಆರು ವಾರದಲ್ಲಿ ಕಲ್ಲು ಇಳಿಯಿತು. ಅದರ ಋಣ ನನ್ನ ಮೇಲಿದೆ, ಸುಳ್ಳು ಹೇಳುವುದಿಲ್ಲ. ಬಾಯಿ ಒಣಗಲಿಲ್ಲ, ತಲೆ ತಿರುಗಲಿಲ್ಲ. ಅಚ್ಚುಕಟ್ಟಾದ ಮಾತ್ರೆ.

ಕಲ್ಲಿನ ಜೊತೆ ಬೇರೆ ಏನೋ ಇಳಿದುಹೋಗಿತ್ತು. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಕಾಲು ಮಡಿಸಿ ಜಾಸ್ತಿ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಮನಸ್ಸಿಗೆ ಹಾಗಾಗಿತ್ತು. ನೋವೂ ಇಲ್ಲ, ಅಲ್ಲಿ ಕಾಲಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಹೆಂಡತಿ ಏನು ಕೇಳಿದರೂ ನನ್ನ ಬಾಯಲ್ಲಿ ಒಂದೇ ಉತ್ತರ: ‘ನಿನ್ನಿಷ್ಟ.’ ದೋಸೆನಾ, ಉಪ್ಪಿಟ್ಟಾ? ನಿನ್ನಿಷ್ಟ. ಮದುವೆಗೆ ಹೋಗೋಣ್ವಾ ಬೇಡ್ವಾ? ನಿನ್ನಿಷ್ಟ. ಗಂಡ ಹೆಂಡತಿ ನಡುವಿನ ವಿಷಯವೂ ಅಷ್ಟೇ, ಆ ಕಡೆ ಮನಸ್ಸೇ ಹೋಗುತ್ತಿರಲಿಲ್ಲ. ಈ ಜಾತಿಯ ಮಾತ್ರೆಗೆ ಅದು ಮಾಮೂಲಿ ಅಂತ ಆಮೇಲೆ ತಿಳಿಯಿತು.

ತಮಾಷೆ ಅಂದರೆ, ಆ ವರ್ಷಗಳಲ್ಲಿ ನನ್ನ ಕೆಲಸ ಅದ್ಭುತವಾಗಿತ್ತು. ಕಥೆ ಓದಿ ಮೈಮರೆಯುವ ಅಪಾಯವೇ ಇಲ್ಲ. ಲೇಖಕರು ಸಿಟ್ಟಾದರೆ ಬೇಜಾರಿಲ್ಲ, ಹೊಗಳಿದರೆ ಖುಷಿಯಿಲ್ಲ. ಅಕ್ಷರ ಮಾತ್ರ ಕಾಣುತ್ತಿತ್ತು.

2016ರಲ್ಲಿ ಅಪ್ಪ ಹೋದರು. ಬನಶಂಕರಿಯ ವಿದ್ಯುತ್ ಚಿತಾಗಾರದಲ್ಲಿ ನಿಂತಿದ್ದಾಗ, ಸ್ಕೂಟರನ್ನು ನೆರಳಲ್ಲಿ ನಿಲ್ಲಿಸಬೇಕಿತ್ತು ಅಂತ ಯೋಚಿಸುತ್ತಿದ್ದೆ. ತಂಗಿ ನನ್ನ ಮುಖವನ್ನೇ ನೋಡಿ, ‘ಅಣ್ಣಾ, ನಿನಗೇನೂ ಅನ್ನಿಸ್ತಾನೇ ಇಲ್ವಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ವೈಕುಂಠ ಸಮಾರಾಧನೆಯ ಕಾರ್ಡು ನಮ್ಮ ಪ್ರೆಸ್ಸಿನಲ್ಲೇ ಆಯಿತು. ಡಿಟಿಪಿ ಹುಡುಗ ‘ವೈಕುಂಟ’ ಅಂತ ಹೊಡೆದಿದ್ದ. ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಠ’ ಬರೆದೆ. ಮೂರು ಸಲ ಓದಿದೆ. ಒಂದು ತಪ್ಪೂ ಇಲ್ಲದ ಕಾರ್ಡು. ಅಪ್ಪನ ಸಾವಿನಲ್ಲಿ ನನಗೆ ಸಮಾಧಾನ ಅಂತ ಅನ್ನಿಸಿದ್ದು ಅದೊಂದೇ.

ಅಳು ಬರುತ್ತಿಲ್ಲ ಅಂತ ಕ್ಲಿನಿಕ್ಕಿನಲ್ಲಿ ಹೇಳಿದೆ. ‘ಒಳ್ಳೇದೇ ಅಲ್ವಾ, ಮಾತ್ರೆ ಕೆಲಸ ಮಾಡ್ತಿದೆ’ ಅಂದರು. ಇನ್ನೂ ಎರಡು ವರ್ಷ ಹಾಗೇ ಕಳೆಯಿತು. ಈ ಮಾತಿಗೆ ಮಾತ್ರ ನನಗೆ ಇವತ್ತಿಗೂ ಸಿಟ್ಟಿದೆ.

2018ರಲ್ಲಿ ಹೆಂಡತಿಯೇ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ಹೊರರೋಗಿ ವಿಭಾಗದಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆವು. ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ: ‘ಈ ಮಂಕು ಮಾತ್ರೆಗೆ ಮುಂಚೆ ಇತ್ತಾ, ಆಮೇಲೆ ಬಂತಾ?’ ಯಾವುದರಲ್ಲೂ ಸುಖ ಸಿಗದಿರುವುದು ಖಿನ್ನತೆಯದೇ ಮುಖ್ಯ ಲಕ್ಷಣ. ಹಾಗಾಗಿ ಕಾಯಿಲೆ ಪೂರ್ತಿ ಹೋಗದೆ ಉಳಿದಿದ್ದರೂ ಹೀಗಾಗುತ್ತದೆ, ಮಾತ್ರೆಯಿಂದಲೂ ಆಗುತ್ತದೆ. ನನ್ನದು 20ಕ್ಕೆ ಏರಿಸಿದ ಮೇಲೆ ಬಂದದ್ದು. ಜೊತೆಗೆ, ನನಗೆ ದುಃಖವೂ ಇರಲಿಲ್ಲ. ಬರೀ ಖಿನ್ನತೆಯಾಗಿದ್ದರೆ ಸುಖ ಮಾತ್ರ ಹೋಗಿ ಸಂಕಟ ಉಳಿಯುತ್ತಿತ್ತು ಅಂತ ಮೇಡಂ ವಿವರಿಸಿದರು. ಮೊದಲು 10ಕ್ಕೆ ಇಳಿಸಿ ನೋಡಿದರು. ಜೋಮು ಸ್ವಲ್ಪ ಬಿಟ್ಟಿತು, ಆದರೆ ಎರಡೇ ತಿಂಗಳಲ್ಲಿ ಮೂರೂವರೆ ಗಂಟೆಯ ಎಚ್ಚರ ವಾಪಸ್ ಬಂತು. ಆಗಲೇ ಹಳೇ ಕಾಲದ ಮಾತ್ರೆಯಾದ ನಾರ್ಟ್ರಿಪ್ಟಿಲಿನ್ ಮಾತು ಬಂದದ್ದು.

ಈ ಜೋಮು ಬರೀ ನನ್ನ ಕಲ್ಪನೆಯಲ್ಲ ಅಂತ 2023ರಲ್ಲಿ ಖಾತ್ರಿಯಾಯಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಒಂದು ಪ್ರಯೋಗದ ವರದಿ ಬಂತು. ಖಿನ್ನತೆ ಇಲ್ಲದ 66 ಜನರಲ್ಲಿ ಕೆಲವರಿಗೆ ಎಸ್ಸಿಟಾಲೋಪ್ರಾಮ್, ಉಳಿದವರಿಗೆ ಖಾಲಿ ಮಾತ್ರೆ. ಕನಿಷ್ಠ 21 ದಿನ. ಆಟದಂಥ ಪರೀಕ್ಷೆಯಲ್ಲಿ ಬಹುಮಾನ ಬಂದಾಗ ಅದನ್ನು ನೋಡಿ ಮುಂದಿನ ನಡೆ ತಿದ್ದಿಕೊಳ್ಳುವುದು ಎಸ್ಸಿಟಾಲೋಪ್ರಾಮ್ ತಿಂದವರಲ್ಲಿ ಕಡಿಮೆಯಾಗಿತ್ತು. ಕಾಯಿಲೆಯೇ ಇಲ್ಲದವರಲ್ಲೂ ಹೀಗೆ. ನಾನು ಕಟಿಂಗ್ ಮಾಡಿಟ್ಟುಕೊಂಡಿದ್ದೇನೆ.

ಹಳೇ ಮಾತ್ರೆ ಎಂದರೆ ಎಷ್ಟು ಹಳೇದು? ಟ್ರೈಸೈಕ್ಲಿಕ್ ಅನ್ನುವ ಜಾತಿ. ಮೊದಲನೆಯದು ಇಮಿಪ್ರಮಿನ್. ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಎಂಬ ಡಾಕ್ಟರ್ ಅದನ್ನು ಸ್ಕಿಜೋಫ್ರೇನಿಯಾ ಇದ್ದವರಿಗೆ ಕೊಟ್ಟು ನೋಡಿದ್ದರು. ಅವರಿಗೆ ಉಪಯೋಗವಾಗಲಿಲ್ಲ, ಖಿನ್ನತೆಯವರು ಚೇತರಿಸಿಕೊಂಡರು. 1957ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಎಸ್ಸಿಟಾಲೋಪ್ರಾಮ್ ಸೇರಿದ ಹೊಸ ಜಾತಿಯ ಫ್ಲುಆಕ್ಸೆಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರ ಕೊನೆಗೆ. ಅಂದರೆ ಮೂವತ್ತು ವರ್ಷ ಜಗತ್ತು ಹೆಚ್ಚಾಗಿ ಹಳೇದರಲ್ಲೇ ಸಂಸಾರ ಮಾಡಿದೆ.

ಹಳೇದೆಲ್ಲ ಒಂದೇ ಅಂತ ತಿಳಿಯಬೇಡಿ. ಕ್ಲೋಮಿಪ್ರಮಿನ್ ಹೊಸ ಮಾತ್ರೆಗಳ ಹಾಗೇ ಸಿರೊಟೊನಿನ್ ಅನ್ನುವ ಮೆದುಳಿನ ರಾಸಾಯನಿಕದ ಮೇಲೆ ಜೋರು. ಅಮಿಟ್ರಿಪ್ಟಿಲಿನ್ ಸಿರೊಟೊನಿನ್, ನಾರ್‌ಅಡ್ರಿನಲಿನ್ ಎರಡರ ಮೇಲೂ, ಜೊತೆಗೆ ನಿದ್ದೆ. ನಾರ್ಟ್ರಿಪ್ಟಿಲಿನ್ ಅದರದೇ ಮಗು, ಅಮಿಟ್ರಿಪ್ಟಿಲಿನ್ ಮೈಯೊಳಗೆ ಒಡೆದಾಗ ಹುಟ್ಟುವಂಥದ್ದು. ಇದರ ಒಲವು ನಾರ್‌ಅಡ್ರಿನಲಿನ್ ಕಡೆ. ಮೆದುಳಿನ ಮುಂಭಾಗದಲ್ಲಿ ನಾರ್‌ಅಡ್ರಿನಲಿನ್ ಹೊತ್ತೊಯ್ಯುವ ಬಾಗಿಲೇ ಡೋಪಮಿನ್ನನ್ನೂ ಹೊತ್ತೊಯ್ಯುತ್ತದಂತೆ. ಬಾಗಿಲು ಮುಚ್ಚಿದರೆ ಅಲ್ಲಿ ಎರಡೂ ಉಳಿಯುತ್ತವೆ. ಬೇಕು ಅನ್ನಿಸುವುದಕ್ಕೆ ಡೋಪಮಿನ್ ಬೇಕಲ್ವಾ? ಮೇಡಂ ಲೆಕ್ಕಾಚಾರ ಇದಾಗಿತ್ತು. ‘ಆದರೆ ಗ್ಯಾರಂಟಿ ಇಲ್ಲ, ಇದರಲ್ಲೂ ಕೆಲವರಿಗೆ ಮಂಕಾಗುತ್ತೆ’ ಅಂತಲೂ ಹೇಳಿದರು.

ಶುರು ಮಾಡುವ ಮುಂಚೆ ಇಸಿಜಿ. ಈ ಮಾತ್ರೆ ಹೃದಯದ ಬಡಿತದ ಮೇಲೆ ಪರಿಣಾಮ ಮಾಡುತ್ತದೆ. ಎಸ್ಸಿಟಾಲೋಪ್ರಾಮನ್ನು ನಿಧಾನ ಇಳಿಸುತ್ತಾ, ನಾರ್ಟ್ರಿಪ್ಟಿಲಿನ್ನನ್ನು ರಾತ್ರಿ 25 ಮಿಲಿಗ್ರಾಂನಿಂದ ಏರಿಸುತ್ತಾ 75ಕ್ಕೆ ನಿಲ್ಲಿಸಿದರು. ರಕ್ತದಲ್ಲಿ ಎಷ್ಟಿದೆ ಅಂತ ಒಂದು ಸಲ ಅಳೆಸಿದರು.

ಮೈಗೆ ಇದು ಒರಟು ಮಾತ್ರೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಪ್ರೆಸ್ಸಿನಲ್ಲಿ ನನ್ನ ಮೇಜಿನ ಮೇಲೆ ಎರಡು ನೀರಿನ ಬಾಟಲಿ. ಮಲಬದ್ಧತೆಗೆ ಇಸಬ್ಗೋಲ್ ಕಾಯಂ. ಥಟ್ಟನೆ ಎದ್ದರೆ ಕಣ್ಣು ಕತ್ತಲೆ. ತೂಕ ನಾಲ್ಕು ಕೆಜಿ ಏರಿತು. ಎಲ್ಲಕ್ಕಿಂತ ಕಷ್ಟ ಕಣ್ಣಿನದು. ಮೊದಲ ಎರಡು ತಿಂಗಳು ಹತ್ತಿರದ ಅಕ್ಷರ ಮಸುಕು. ‘ಪ’ ಯಾವುದು ‘ಷ’ ಯಾವುದು ಅಂತ ಲೆನ್ಸ್ ಹಿಡಿದು ನೋಡುತ್ತಿದ್ದೆ. ಕರಡು ತಿದ್ದುವವನಿಗೆ ಇದಕ್ಕಿಂತ ಶಿಕ್ಷೆ ಬೇಕಾ?

ಔಷಧಿ ಅಂಗಡಿಯದು ಇನ್ನೊಂದು ಗೋಳು. ನಾರ್ಟ್ರಿಪ್ಟಿಲಿನ್ ಅಂದರೆ ‘ನರದ ನೋವಾ ಸಾರ್?’ ಅಂತಾರೆ. ಅದಕ್ಕೂ ಕೊಡುತ್ತಾರೆ, ನಿಜ. ಒಂದು ಸಲ ನಮ್ಮ ಬೀದಿಯ ಅಂಗಡಿಯವನು ‘ಎಲ್ಲಾ ಒಂದೇ’ ಅಂತ ಕೊಟ್ಟ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ನಾರ್ಟ್ರಿಪ್ಟಿಲಿನ್ 10, ಪ್ರೆಗಾಬಲಿನ್ 75 ಅಂತಿತ್ತು. ಪ್ರೆಗಾಬಲಿನ್ ಬೇರೆಯೇ ಔಷಧಿ, ನರದ ನೋವಿಗೆ ಕೊಡುವಂಥದ್ದು. ಒಂದೇ ಅಲ್ಲವೇ ಅಲ್ಲ. ಅಷ್ಟು ಹೊತ್ತಿಗೆ ಕಣ್ಣು ಸರಿಹೋಗಿದ್ದರಿಂದ ಬಚಾವಾದೆ. ಪಟ್ಟಿ ತಿರುಗಿಸಿ ಓದಿ, ದಯವಿಟ್ಟು.

ಇನ್ನು ಮನಸ್ಸಿನ ವಿಷಯ. ಮೊದಲು ವಾಪಸ್ ಬಂದದ್ದು ಖುಷಿಯಲ್ಲ, ಸಿಟ್ಟು. ಸಜ್ಜನ್ ರಾವ್ ಸರ್ಕಲ್ ಹತ್ತಿರ ಆಟೋದವನು ‘ಮೀಟರ್ ಮೇಲೆ ಐವತ್ತು’ ಅಂದಾಗ ಜಗಳ ಆಡಿದೆ. ಮನೆಗೆ ಬಂದು ಹೇಳಿದರೆ ಹೆಂಡತಿಗೆ ನಗು. ‘ಪರವಾಗಿಲ್ಲ ರೀ, ನಿಮಗೂ ಜೀವ ಇದೆ’ ಅಂದಳು. ಆಮೇಲೆ ಹಾಡು ಕೇಳಬೇಕು ಅನ್ನಿಸುವುದು, ಅವರೆಕಾಯಿ ಕಾಲ ಬಂತಾ ಅಂತ ಕೇಳುವುದು. ಒಂದೊಂದೇ, ಲೆಕ್ಕಕ್ಕೆ ಸಿಗದ ಹಾಗೆ. ಸುಮಾರು ಮೂರು ತಿಂಗಳು ಹಿಡಿಯಿತು.

2019ರ ಶುರುವಿನಲ್ಲಿ ಒಂದು ದಿನ ನಿಘಂಟು ತೆಗೆದಾಗ ಒಳಗಿಂದ ಅಪ್ಪನ ಕಾರ್ಡಿನ ಕರಡು ಬಿತ್ತು. ಅಂಚಿನಲ್ಲಿ ನನ್ನದೇ ಕೆಂಪು ‘ಠ’. ಎಷ್ಟು ದುಂಡಗೆ ಬರೆದಿದ್ದೇನೆ, ನಡುವೆ ಚುಕ್ಕೆ ಕೂಡ ಸರಿಯಾಗಿ ಕೂತಿದೆ. ನೋಡುತ್ತಿದ್ದ ಹಾಗೆ ಅಕ್ಷರ ಮಸುಕಾಯಿತು. ಮಾತ್ರೆಯ ಕಾಟ ಮತ್ತೆ ಶುರುವಾಯ್ತಲ್ಲಪ್ಪ ಅಂತ ಕನ್ನಡಕ ತೆಗೆದು ಒರೆಸಿದೆ. ಗಾಜು ಒದ್ದೆಯಾಗಿತ್ತು. ತಂಗಿಗೆ ಫೋನ್ ಮಾಡಿದೆ, ಮಾತಾಡಲು ಆಗಲಿಲ್ಲ. ಅವಳೂ ಏನೂ ಕೇಳಲಿಲ್ಲ.

ಹಾಗಂತ ಹಳೇದೇ ಮೇಲು ಅಂತ ನಾನು ಬೋರ್ಡ್ ಹಾಕುವುದಿಲ್ಲ. ನನ್ನ ಗೆಳೆಯನೊಬ್ಬ ಅಮಿಟ್ರಿಪ್ಟಿಲಿನ್ ತಗೊಂಡು ಹಗಲೆಲ್ಲ ತೂಕಡಿಸಿ, ಹೊಸದಕ್ಕೇ ಹೋಗಿ ಆರಾಮಾಗಿದ್ದಾನೆ. ಹೃದಯದ ತೊಂದರೆ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಹಳೇದು ತಾಪತ್ರಯ. ಡೋಸ್ ಮೀರಿದರೆ ಈ ಜಾತಿ ಬಹಳ ಅಪಾಯ. ಅದಕ್ಕೇ ಶುರುವಿನಲ್ಲಿ ಮೇಡಂ ಎರಡೆರಡು ವಾರಕ್ಕೆ ಮಾತ್ರ ಬರೆಯುತ್ತಿದ್ದರು, ಡಬ್ಬಿ ಹೆಂಡತಿಯ ಹತ್ತಿರ ಇರುತ್ತಿತ್ತು. ಎರಡೂ ಜಾತಿಯನ್ನು ಥಟ್ಟನೆ ನಿಲ್ಲಿಸಬಾರದು. ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರ್ ಹತ್ತಿರ ‘ಅಳು ಬರ್ತಿಲ್ಲ, ಏನೂ ಬೇಕು ಅನ್ನಿಸ್ತಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಅವರು ನಕ್ಕರೆ ಬೇರೆಯವರ ಹತ್ತಿರ ಹೋಗಿ.

ಈಗ 50 ಮಿಲಿಗ್ರಾಂನಲ್ಲಿದ್ದೇನೆ. ವರ್ಷಕ್ಕೊಂದು ಇಸಿಜಿ. ಬಾಯಿ ಈಗಲೂ ಒಣಗುತ್ತದೆ. ಕಳೆದ ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ಎರಡು ಕಾಯಿಗೊಂದು ಗುಟುಕು ನೀರು, ಇಲ್ಲದಿದ್ದರೆ ಬೀಜ ಗಂಟಲಲ್ಲೇ ಕೂರುತ್ತದೆ. ‘ಇನ್ನೊಂದು ಸೇರು ತಗೊಳ್ಳೋಣ್ವಾ ರೀ, ಹಸೀದಾ, ಹುರಿದದ್ದಾ?’ ಅಂದಳು. ಎರಡೂ ಬೇಡ, ಉಪ್ಪು ಹಾಕಿ ಬೇಯಿಸಿದ್ದು ಬೇಕು ಅಂದೆ. ಅದು ಸಿಗಲು ರಾಮಕೃಷ್ಣಾಶ್ರಮದ ಸರ್ಕಲ್‌ವರೆಗೆ ನಡೆಯಬೇಕಾಯಿತು.