‘ಅಲೋ’ ಒತ್ತಿದ್ದು ನಾನೇ, ಮರ್ಯಾದೆ ಹೋಗಿದ್ದೂ ನನ್ನದೇ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಓಣಿಯವರ ಫೋನಿಗೆಲ್ಲ ಆ್ಯಪ್ ಹಾಕಿಕೊಡುವವನೇ ನಾನು. ಅಂಥವನೇ ಮೋಸ ಹೋದೆ. ಹೇಳೋಕೆ ನಾಚಿಕೆ ಆಗುತ್ತದೆ. ಆದರೆ ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ.

ಅಂಗಡಿಗೆ ಡಿಸ್‌ಪ್ಲೇ ತರಿಸಲು 6,000 ರೂಪಾಯಿ ಬೇಕಿತ್ತು. ಒಂದು ಸಾಲದ ಆ್ಯಪ್ ಕಣ್ಣಿಗೆ ಬಿತ್ತು. ಐದು ನಿಮಿಷದಲ್ಲಿ ಸಾಲ, 90 ದಿನ ವಾಯಿದೆ. ಸ್ಟಾರ್ ಜಾಸ್ತಿ ಇದ್ದವು, ಅಷ್ಟೇ ನೋಡಿದೆ. ಯಾವ ಬ್ಯಾಂಕು, ಯಾವ ಫೈನಾನ್ಸು, ಎಲ್ಲೂ ಹೆಸರಿರಲಿಲ್ಲ. ತೆರೆದ ಕೂಡಲೇ ಕಾಂಟ್ಯಾಕ್ಟ್ ಪಟ್ಟಿ ನೋಡಲು ಅನುಮತಿ ಕೇಳಿತು. ‘ಬೇಡ’ ಒತ್ತಿದೆ. ಆ್ಯಪ್ ತಾನಾಗಿ ಮುಚ್ಚಿಕೊಂಡಿತು. ಅಲ್ಲಿಗೇ ಬಿಡಬೇಕಿತ್ತು ಅಲ್ವಾ? ಬಿಡಲಿಲ್ಲ. ಎದುರಿಗೆ ಗಿರಾಕಿ ನಿಂತಿದ್ದ. ಅವಸರದಲ್ಲಿ ಮತ್ತೆ ತೆರೆದೆ. ಕಾಂಟ್ಯಾಕ್ಟ್, ಅಲೋ. ಗ್ಯಾಲರಿ, ಅಲೋ. ಮೆಸೇಜ್, ಅಲೋ.

ಕೈಗೆ ಬಂದಿದ್ದು 3,700. ಉಳಿದದ್ದು ಪ್ರೊಸೆಸಿಂಗ್ ಫೀ ಅಂತೆ! ಆರನೇ ದಿನಕ್ಕೇ ಫೋನ್, ನಾಳೆ ಪೂರ್ತಿ 6,000 ಕಟ್ಟು ಅಂತ. 90 ದಿನ ಅಂದಿದ್ರಲ್ಲ ಅಂದೆ. “ಅದು ಜಾಹೀರಾತು ಸರ್” ಅಂದ. ಹಿಂದಿಯಲ್ಲಿ, ನಗುತ್ತಾ.

ಮರುದಿನ ಬೆಳಿಗ್ಗೆ ನನ್ನ ಸೆಲ್ಫಿ, ಪ್ಯಾನ್ ಕಾರ್ಡ್, ಮೇಲೆ ಕೆಂಪಗೆ ‘ಚೋರ್’, ಕೆಳಗೊಂದು ಲಿಂಕ್. ಭಾವನಿಗೆ, ಹಾಲಿನವನಿಗೆ, ಮಗಳ ಟೀಚರ್‌ಗೆ, ನಂಬರ್ ಕೊಟ್ಟು ಹೋದ ಗಿರಾಕಿಗಳಿಗೆಲ್ಲ. ಗೋಳಗುಮ್ಮಟದಲ್ಲಿ ಕೂಗಿದರೂ ಇಷ್ಟು ಸಲ ಕೇಳಿಸುತ್ತಿರಲಿಲ್ಲ. ಸೋದರಮಾವ ಫೋನ್ ಮಾಡಿದ. “ರೊಕ್ಕದ ತ್ರಾಸ ಇತ್ತಂದ್ರ ನನಗ ಕೇಳಬಾರ್ದೇನಪಾ?” ಬೈದಿದ್ದರೆ ಚೆನ್ನಾಗಿತ್ತು.

ನನ್ನ ಕಾಂಟ್ಯಾಕ್ಟ್ ಕದ್ದಿದ್ದೀರಿ ಅಂತ ಆ ಆ್ಯಪ್‌ನವನ ಮೇಲೆ ಕೂಗಾಡಿದೆ. “ಕದ್ದಿಲ್ಲ ಸರ್, ನೀವೇ ಅಲೋ ಕೊಟ್ಟಿದ್ದೀರಿ.” ಬಾಯಿ ಕಟ್ಟಿಹೋಯಿತು. 6,000 ಕಟ್ಟಿದೆ. ಸಂಜೆಗೇ “ಲೇಟ್ ಫೀ 1,800 ಬಾಕಿ” ಅಂತ ಮೆಸೇಜ್. ಆ್ಯಪ್ ಡಿಲೀಟ್ ಮಾಡಿದೆ, ಏನು ಬಂತು? ಪಟ್ಟಿ ಆಗಲೇ ಅವರ ಕೈ ಸೇರಿತ್ತು.

ಆಮೇಲೆ ತಿಳಿಯಿತು, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಗ್ಯಾಲರಿ, ಕಾಲ್ ಪಟ್ಟಿ ಮುಟ್ಟುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಗುರುತು ನೋಡಲು ಕ್ಯಾಮೆರಾ, ಲೊಕೇಶನ್ ಒಂದು ಸಲ ಕೇಳಬಹುದು, ಅದೂ ನಾವು ಒಪ್ಪಿದರೆ. ಅಂದರೆ ಕಾಂಟ್ಯಾಕ್ಟ್ ಕೇಳಿತು ಅಂದ್ರೇನೇ ಕಳ್ಳ ಅಂತ ಅರ್ಥ. ಸ್ಟಾರ್ ನೋಡಬೇಡಿ, ಅದು ಏನೇನು ಕೇಳುತ್ತದೆ ನೋಡಿ. ಸಿಕ್ಕಿಬಿದ್ದಿದ್ದರೆ ನನ್ನ ಹಾಗೆ ಹೆದರಿ ಕಟ್ಟುತ್ತಾ ಹೋಗಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ದುಡ್ಡು ಕಟ್ಟಿ ನಾಲ್ಕು ದಿನ ಆದ ಮೇಲೆ ಮಾಡಿದೆ, ದಡ್ಡ.

ನನ್ನ ಗಿರಾಕಿಗಳೇ, ಆ ಫೋಟೋ ನಿಮಗೂ ಬಂದಿದ್ದರೆ ಕ್ಷಮಿಸಿ. ಕೆಳಗಿರುವ ಲಿಂಕ್ ಮಾತ್ರ ಒತ್ತಬೇಡಿ.